ಮೂಗು ಎಡಕ್ಕೆ

ಟೀಚರನ್ನು ನಾವು ಅತ್ತೆ ಅಂತಲೇ ಕರೆಯುವುದು.
ಒರಿಯಾನಾ ಅತ್ತೆ ತಿಂಗಳಿಗೊಮ್ಮೆ ಕಾಸ್ತ್ರೊದಿಂದ
ಕಡಲು ದಾಟಿ ನಮ್ಮ ದ್ವೀಪಕ್ಕೆ ಬಂದು
ಅಮ್ಮನಿಗೆ ಹೇಳಿದರು: ಮಾತು ಆಡಿದ ಕ್ಷಣಕ್ಕೆ ಆರಿಹೋಗುತ್ತದೆ.
ಅಮಾರೊಗೆ ಆರದ್ದು ಬೇಕು. ಗೋಡೆಗೆ ಅಂಟಿಸಿ.

ಚಿತ್ರ ಬರೆಯುವ ಕೆಲಸ ನನ್ನ ತಲೆಗೆ ಬಂತು. ಹನ್ನೊಂದು ವರ್ಷ ನನಗೆ.
ಮೀನಿನ ಮೇವು ಬರುವ ಡಬ್ಬದ ರಟ್ಟು, ಅಗಲ ಟೇಪು,
ಹಳದಿ, ನೀಲಿ, ಕಪ್ಪು ಪೆನ್ಸಿಲು.
ಏಳುವುದು. ಉಚ್ಚೆ. ಹಲ್ಲು. ಒಲೆ ಹತ್ತಿರ ಕೂತು ಬ್ರೆಡ್ಡು.
ಉಣ್ಣೆಯಂಗಿಯ ಕತ್ತು ಚುಚ್ಚುತ್ತದೆ ಅಂತ ದಿನವೂ ರಂಪ.
ಅಮ್ಮ ಕತ್ತಿಗೆ ಮೆತ್ತನೆ ಬಟ್ಟೆ ಹೊಲಿದ ಮೇಲೆ
ಚಿತ್ರದಲ್ಲೂ ಆ ಬಟ್ಟೆ ಬರೆಯಬೇಕಾಯಿತು, ನೀಲಿ, ಎರಡು ಹೊಲಿಗೆ.
ಸೋಮವಾರ ಆಲೂಗಡ್ಡೆ, ಬುಧವಾರ ಅಜ್ಜಿ, ಶನಿವಾರ ಸ್ನಾನ.
ಅಪ್ಪನೆಂದರೆ ಹಳದಿ ದೋಣಿ:
ಹೋಗುವಾಗ ಮೂಗು ಬಲಕ್ಕೆ,
ಬರುವಾಗ ಎಡಕ್ಕೆ.

ಹೊಟ್ಟೆಕಿಚ್ಚು ಇತ್ತು ನನಗೆ, ಸುಳ್ಳೇಕೆ.
ನನ್ನ ಹಲ್ಲಿಗೆ ಯಾರೂ ಚಿತ್ರ ಬರೆದಿರಲಿಲ್ಲ.
ಒಂದು ದಿನ ಬೇಕೆಂದೇ ಗುರುವಾರವನ್ನು ತಲೆಕೆಳಗು ಮಾಡಿದೆ,
ನಿದ್ದೆ ಮೊದಲು, ಏಳುವುದು ಕೊನೆಗೆ.
ನಗುತ್ತಾನೆ ಅಂದುಕೊಂಡಿದ್ದೆ.
ಅವನು ಗೋಡೆ ನೋಡಿದ, ಬೆಳಕಿನ ಕಿಟಕಿ ನೋಡಿದ,
ಹಾಸಿಗೆಗೆ ವಾಪಸು ಹೋಗಿ ಕಣ್ಣು ಮುಚ್ಚಿದ. ನಡುಗುತ್ತಿದ್ದ.
ಹೇಳಿದಂತೆ ಕೇಳಲು ಹೊರಟಿದ್ದ, ಪಾಪ.
ಅಮ್ಮ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ ಅಪ್ಪ ದೋಣಿಗೆ ನೀಲಿ ಬಳಿದಾಗ
ರಾತ್ರೋರಾತ್ರಿ ಚೀಟಿಗೂ ನೀಲಿ ಬಳಿದೆ. ಅಷ್ಟು ಕಲಿತಿದ್ದೆ.

ಒಂದೇ ಒಂದು ಚೀಟಿ ಅವನಿಗೆ ಆಗಿಬರಲಿಲ್ಲ:
ಒರಿಯಾನಾ ಅತ್ತೆ ಬರೆಸಿದ ಪ್ರಶ್ನೆಯ ಗುರುತು.
ಏನೋ ಬರುತ್ತದೆ, ಏನಂತ ಈಗಲೇ ಗೊತ್ತಿಲ್ಲ ಎಂದು ಅದರರ್ಥ.
ಕಚ್ಚಿದ. ಒಲೆಗೆ ಎಸೆದ. ನಾಯಿಗೆ ಕೊಟ್ಟ.
ನಾನು ಮತ್ತೆ ಮತ್ತೆ ಬರೆದೆ. ಐದನೆಯದನ್ನು
ಅಪ್ಪನ ಗಾಳದ ಕೊಕ್ಕೆಯಂತೆ ಬಗ್ಗಿಸಿ ಬರೆದೆ.
ಅದು ಉಳಿಯಿತು, ಡಬ್ಬಿಯ ತಳದಲ್ಲಿ.

ಆಗಸ್ಟಿನಲ್ಲಿ ಬಡಗಣ ಗಾಳಿ ಎದ್ದು ಬಂದರು ಮುಚ್ಚಿದರು.
ಮಂಗಳವಾರ ಬರಬೇಕಾದ ಅಪ್ಪ ಬರಲಿಲ್ಲ.
ರೇಡಿಯೊದಲ್ಲಿ ಗೊರಗೊರ, ಅಷ್ಟೆ.
ಅಮ್ಮ ಎಡಕ್ಕೆ ತಿರುಗಿದ ದೋಣಿಯನ್ನು ಕಿತ್ತು
ಎಲ್ಲಿಡುವುದೋ ತಿಳಿಯದೆ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.
ಗೋಡೆಯಲ್ಲೊಂದು ಖಾಲಿ ಚೌಕ.
ಇನ್ನೇನು ಕಿರುಚುತ್ತಾನೆ ಅಂತ ನಾವಿಬ್ಬರೂ ಉಸಿರು ಹಿಡಿದೆವು.

ಅಮಾರೊ ಕುರ್ಚಿ ಎಳೆದ. ಹತ್ತಿದ.
ಡಬ್ಬಿ ತಡಕಿ ಗಾಳದ ಚೀಟಿ ತೆಗೆದು
ಚೌಕದೊಳಗೆ ಒತ್ತಿದ, ಹೆಬ್ಬೆರಳಿನಿಂದ, ನಾಲ್ಕೂ ಮೂಲೆ.
ಇಳಿದು, ಮುಂದಿನ ಚಿತ್ರ ನೋಡಿ
ಹಲ್ಲುಜ್ಜಲು ಹೋದ.

ಬುಧವಾರ ಅಜ್ಜಿ, ಗಾಳ. ಗುರುವಾರ ಗಾಳ.
ಆ ರಾತ್ರಿಗಳಲ್ಲಿ ಅಮ್ಮ ಟಾರ್ಚು ಹಿಡಿದು ಗೋಡೆಯೆದುರು ಕೂತು
ಚಿತ್ರದಿಂದ ಚಿತ್ರಕ್ಕೆ ಬೆರಳು ಸರಿಸುವಳು,
ಅಕ್ಷರ ಕೂಡಿಸಿ ಓದಲು ಕಲಿಯುವವಳ ಹಾಗೆ.
ಊಟ. ಗಾಳ. ನಿದ್ದೆ.
ನಿದ್ದೆಯ ಚಿತ್ರಕ್ಕೆ ಬಂದಾಗ ನಿಜಕ್ಕೂ ಎದ್ದು ಹೋಗಿ ಮಲಗಿದಳು.

ಶುಕ್ರವಾರ ಸಂಜೆ ಅಪ್ಪ ಬಂದ.
ಬೇರೆ ಯಾರದೋ ದೋಣಿಯಲ್ಲಿ, ಕೆಂಪು.
ತೊಯ್ದು ತೊಪ್ಪೆಯಾಗಿ ಹೊಸ್ತಿಲಲ್ಲಿ ನಿಂತವನನ್ನು
ಅಮಾರೊ ಒಳಗೆ ಬಿಡಲೊಲ್ಲ. ಗೋಡೆ ತೋರಿಸಿದ, ನನ್ನ ಕೈ ಎಳೆದ.
ನನ್ನ ಹತ್ತಿರ ಕೆಂಪು ಇರಲಿಲ್ಲ.
ಅಮ್ಮ ಅಳುತ್ತ, ನಗುತ್ತ, ಪೆಟ್ಟಿಗೆಯೆಲ್ಲ ಕೆದರಿ
ಮದುವೆ ಕಾಲದ ಲಿಪ್‌ಸ್ಟಿಕ್ಕು ಹುಡುಕಿ ತಂದಳು.
ಅಪ್ಪ ಮಳೆಯಲ್ಲೇ ಕಾದ, ಒಂದು ಮಾತಾಡದೆ,
ನಾನು ರಟ್ಟು ಕತ್ತರಿಸಿ, ಒರಟು ಕೆಂಪಿನಲ್ಲಿ
ದೋಣಿ ಬರೆದು ಮುಗಿಸುವ ತನಕ.

ಮೂಗು ಎಡಕ್ಕೆ.