ಮ್ಯಾಚ್

ಕೀತ್ಲಿಯ ನಮ್ಮ ಉಣ್ಣೆಯಂಗಡಿಗೆ ಹೆಸ್ಟರ್ ಓಲ್ಡ್‌ರಾಯ್ಡ್
ಒಂದೇ ತೋಳಿನ ಸ್ವೆಟರ್ ತಂದಳು.
'ಇದಕ್ಕೆ ಮ್ಯಾಚ್ ಆಗೋ ನೂಲು ಕೊಡಪ್ಪ.'

ಬೂದು. ಸರಿ, ಎಂಥ ಬೂದು?
ಬಾಗಿಲ ಬೆಳಕಿಗೆ ಹಿಡಿದೆ, ದೀಪದ ಕೆಳಗೆ ಹಿಡಿದೆ.
ಗಿರಣಿ ಅದೇ, ನಂಬರೂ ಅದೇ,
ಅದ್ದಿದ ಹಂಡೆ ಬೇರೆ:
ಕೂದಲೆಳೆಯಷ್ಟು ನೀಲಿ ಹೆಚ್ಚು.

ಮೂಲೆಯಲ್ಲಿ ಲೆಕ್ಕ ಬರೆಯುತ್ತಿದ್ದ ಕತ್‌ಬರ್ಟ್
(ಹಿಂದೆ ಶಾಲೆಯ ಮೇಷ್ಟ್ರು, ಚಟ ಬಿಟ್ಟಿಲ್ಲ)
ತಲೆಯೆತ್ತದೆ ಶುರುಮಾಡಿದ:
'ಸಾವಿರ ವರ್ಷದ ಕೆಳಗೆ
ಅದು ಮಾಡುವ ಕೆಲಸವೇ ಅಲ್ಲ, ಒಬ್ಬ ಮನುಷ್ಯ.
ಜೊತೆಗಾರ. ಗಂಡ. ಇಲ್ಲವೇ ಹೆಂಡತಿ.
ಅಳೆಯುವುದು, ಸಾಟಿ ನಿಲ್ಲುವುದು, ಪಂದ್ಯ
ಎಲ್ಲ ಆಮೇಲೆ ಬಂದ ನೆಂಟರು.'

'ಮತ್ತೆ ಬೆಂಕಿಕಡ್ಡಿ?' ಅಂದೆ.
'ಅದು ಬೇರೆ ಮನೆತನ, ದೀಪದ ಬತ್ತಿಯ ಕಡೆಯದು.
ಅಕ್ಷರಕ್ಕೆ ಅಕ್ಷರ ಕೂಡುತ್ತೆ,
ರಕ್ತ ಕೂಡೋದಿಲ್ಲ.'

ಹೆಸ್ಟರ್ ಎರಡು ಉಂಡೆ ಚೀಲಕ್ಕೆ ಹಾಕಿದಳು.
'ತೋಳಿಗೊಂದು ಬಣ್ಣ ಕಾಣುತ್ತೆ, ನೋಡಿ,' ಎಚ್ಚರಿಸಿದೆ.
'ಕಾಣಲಿ. ನಲವತ್ತು ವರ್ಷ
ಅವನೂ ನಾನೂ
ಒಂದೇ ಹಂಡೆಯಲ್ಲಿ ಅದ್ದಿದವರೇನಲ್ಲ.'

ಚಿಲ್ಲರೆ ಎಣಿಸಿಟ್ಟು ಹೋದಳು.
ಸಂಜೆ ಕತ್‌ಬರ್ಟನ ಲೆಕ್ಕ ತಾಳೆಯಾಗಲಿಲ್ಲ,
ಮೂರು ಪೆನ್ನಿ ಕಡಿಮೆ.