ರಬ್ಬರ್ ಬ್ಯಾಂಡು

ಚಳಿ ಶಿವಶಿವಾ ಅಂತ ಹೋಗುವ ತನಕ
ಬೀಜದ ಪೊಟ್ಟಣ ಬಿಚ್ಚಬೇಡಿ ಅಂದಿದ್ದ
ಸಿದ್ದಾಪುರದ ನರ್ಸರಿಯ ಹುಡುಗ.
ಬಿಚ್ಚಲಿಲ್ಲ.
ನಿವೃತ್ತನಿಗೆ ಕಾಯುವುದೂ ಒಂದು ಡ್ಯೂಟಿ.

ಶಿವರಾತ್ರಿ ಕಳೆದ ಮೂರನೆಯ ದಿನ
ಲಿಂಗರಾಜಪುರದ ಈ ತಾರಸಿಯ ಮೇಲೆ
ಹದಿನೇಳು ಪೇಂಟ್ ಡಬ್ಬಿ, ತಳಕ್ಕೆ ಮೊಳೆಯ ತೂತು.
ಕೋಳಿಜುಟ್ಟು, ಜಿನಿಯಾ, ಆಮೇಲೆ
ಅವನ ಬಾಯಲ್ಲಿ ಗಾಂಫ್ರಿನಾ,
ನನ್ನ ಬಾಯಲ್ಲಿ ಬರೀ ಗುಂಡುಹೂ.

ಗೇಣುದ್ದ ಬಂದಾಗ ನೆತ್ತಿ ಚಿವುಟಬೇಕು.
ಮೂವತ್ತೊಂದು ವರ್ಷ ಟಿಕೆಟ್ ಹರಿದ ಬೆರಳು
ಮೊದಲನೆಯ ಕುಡಿಗೆ ಹಿಂಜರಿಯಿತು,
ಎರಡನೆಯದಕ್ಕೆ ಅಭ್ಯಾಸವಾಯಿತು.
ಒಂದು ಇಳಿದಲ್ಲಿ ನಾಲ್ಕು ಹತ್ತಿದವು,
ಸಂಜೆ ಆರರ ಶಿವಾಜಿನಗರದ ಹಾಗೆ.

"ದೇವರಿಗಿಲ್ಲ, ಮುಡಿಗಿಲ್ಲ, ವಾಸನೆಯಂತೂ ಇಲ್ಲ,
ಯಾರಿಗ್ರೀ ಇದು?" ಅಂದಳು ಗಂಗರತ್ನ.
ಅನ್ನುತ್ತಲೇ ಅಕ್ಕಿ ತೊಳೆದ ನೀರನ್ನು
ದಿನಾ ತಪ್ಪದೆ ಮೇಲೆ ತಂದು ಸುರಿದಳು.

ಏಪ್ರಿಲ್ಲು. ಚಪ್ಪಲಿಯಿಲ್ಲದೆ ಟ್ಯಾಂಕಿನ ತನಕ ಹೋದರೆ
ಅಂಗಾಲು ಹಪ್ಪಳ.
ಬೀದಿಯಲ್ಲಿ ಟ್ಯಾಂಕರಿಗೆ ಕಾದ ಕೊಡಗಳ ಸಾಲು,
ಎದುರು ಮನೆಯ ಗುಲಾಬಿ ಚಹಾಪುಡಿ.
ನನ್ನ ಡಬ್ಬಿಗಳಲ್ಲಿ ಮಾತ್ರ ಏನೋ ಹಟ:
ಬಿಸಿಲು ಏರಿದಷ್ಟೂ ಜುಟ್ಟು ಕೆಂಪೇರಿ,
ಗುಂಡುಹೂ ಕೈ ಮುಷ್ಟಿ ಮಾಡಿಕೊಂಡು ನಿಂತಿತು.

ಕೆಳಗಿನ ಪಾರ್ಲರಿನ ಜೆಸಿಂತಾ
ಟವೆಲ್ಲು ಒಣಹಾಕಲು ಬಂದವಳು
ಕೋಳಿಜುಟ್ಟಿನ ಮಖಮಲ್ಲು ಸವರುತ್ತ ಹೇಳಿದಳು:
"ರಿಜಿಸ್ಟ್ರಾರ್ ಆಫೀಸಿನ ಬೋರ್ಡಿಗೆ ಹೆಸರು ಹಚ್ಚಿದ್ದಾರೆ ಅಂಕಲ್,
ನಂದು, ಮುನಿಕೃಷ್ಣಂದು. ಮೂವತ್ತು ದಿನ.
ಮನೆಯಿಂದ ಯಾರೂ ಬರಲ್ಲ.
ಹೂವಾದರೂ ಬರಲಿ."

ಮೂವತ್ತು ದಿನ ನಾನೂ ಎಣಿಸಿದೆ.
ಚಿಲ್ಲರೆ ಎಣಿಸುವವನಿಗೆ ಎಣಿಕೆ ತಪ್ಪುವುದಿಲ್ಲ.

ಬೆಳಗಿನ ಆರು, ಇಬ್ಬನಿ ಇಲ್ಲ, ಕತ್ತರಿ.
ಜಿನಿಯಾದ ಕತ್ತಿನ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಬೇಕು:
ತಲೆ ವಾಲಿದರೆ ಬಿಡಬೇಕು, ಇನ್ನೂ ಮಗು.
ನೆಟ್ಟಗೆ ನಿಂತರೆ ಕೊಯ್ಯಬಹುದು.
ಮೂರನ್ನು ಆಸೆಗೆ ಬಿದ್ದು ಮೊದಲೇ ಕೊಯ್ದೆ.
ಆಫೀಸು ಮುಟ್ಟುವ ಹೊತ್ತಿಗೆ ಮೂರೂ
ಜೆಸಿಂತಾಳ ಮಣಿಕಟ್ಟಿನ ಮೇಲೆ ತಲೆಯಿಟ್ಟಿದ್ದವು.

ಸಾಕ್ಷಿ ಮೂವರು ಬೇಕಂತೆ. ಇದ್ದವರು ಇಬ್ಬರು.
ಹೂ ಕೊಟ್ಟು ಹೊರಡುವ ಎಂದಿದ್ದವನು
ಪೆನ್ನು ಈಸಿಕೊಂಡೆ.
ಉದ್ಯೋಗ ಎಂಬಲ್ಲಿ ಕಂಡಕ್ಟರ್ ಎಂದು ಬರೆದೆ.
ನಿವೃತ್ತ ಅಂತ ಸೇರಿಸಲಿಲ್ಲ.

ಉಳಿದ ಹೂವು ಮೆಟ್ಟಿಲಮೇಲಿನ ಕತ್ತಲ ಕೋಣೆಗೆ,
ತಲೆಕೆಳಗು.
ದಾರ ಕಟ್ಟಿದರೆ ಕಡ್ಡಿ ಸೊರಗಿದ ದಿನ ಜಾರುತ್ತದೆ.
ರಬ್ಬರ್ ಬ್ಯಾಂಡು ಹಾಗಲ್ಲ,
ಒಳಗಿನದು ಎಷ್ಟು ಸಣ್ಣಗಾಯಿತೋ ತಾನೂ ಅಷ್ಟೇ ಸಣ್ಣಗಾಗಿ
ಹಿಡಿದುಕೊಂಡಿರುತ್ತದೆ.
ಹತ್ತರ ನೋಟಿನ ಕಟ್ಟುಗಳು ಕಲಿಸಿದ್ದು ಇದು.
ಜಿನಿಯಾ ಕಂದಿ ಸುಟ್ಟ ರೊಟ್ಟಿಯಾಯಿತು, ಎಸೆದೆ.
ಗುಂಡುಹೂ ಮಾತ್ರ ಕೊಯ್ದ ದಿನದ ಬಣ್ಣದಲ್ಲೇ
ಮುಟ್ಟಿದರೆ ಕಾಗದದಂತೆ ಸದ್ದು ಮಾಡಿತು.

ಆಷಾಢದ ಗಾಳಿಗೆ ಬಾಗಿಲು ಬಡಿಯುತ್ತಿದ್ದ ಮಧ್ಯಾಹ್ನ
ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದವರು
ಜೆಸಿಂತಾಳ ತಾಯಿ.
ನೀರು ಕೊಟ್ಟೆ. ಕುಡಿಯಲಿಲ್ಲ.
"ಅವಳು ಹಿಡಿದಿದ್ದು ಇದೇನಾ?"
ಇದೇ ಗಿಡದ್ದು, ಅಂದೆ.
ತುಂಬಾ ಹೊತ್ತು ಹಗ್ಗದ ಕೆಳಗೆ ನಿಂತು
ತಲೆಯೆತ್ತಿ ನೋಡಿದರು,
ಲೇಟಾದ ಬಸ್ಸಿನ ಬೋರ್ಡು ಓದುವವರ ಹಾಗೆ.

ಒಂದು ಕಟ್ಟು ಇಳಿಸಿ ಕೊಟ್ಟೆ. ಎಷ್ಟು ಅಂದರು.
ಬಾಯಿ ತಪ್ಪಿ "ಚಿಲ್ಲರೆ ಇದೆಯಾ?" ಅಂದುಬಿಟ್ಟೆ.
ನಗು ಬಂತು ಅವರಿಗೆ, ಬರಬಾರದಿತ್ತೆಂಬಂತೆ ಬಂತು.

ಇಳಿಯುವಾಗ ಕಂಡೆ:
ಕೋಳಿಜುಟ್ಟಿನ ಬೀಜ, ಸಾಸಿವೆಗಿಂತ ಸಣ್ಣವು,
ಕಪ್ಪಗೆ ಹೊಳೆಯುತ್ತ, ನಾಲ್ಕೋ ಐದೋ,
ಅವರ ಸೆರಗಿನ ಮಡಿಕೆಯಲ್ಲಿ ಕೂತು
ಟಿಕೆಟ್ಟಿಲ್ಲದೆ ಹೊರಟಿದ್ದವು.

ನಾನು ಕೂಗಲಿಲ್ಲ.