ಇದು ರೇಸ್ ಅಲ್ಲ

ಬೆಳಗಿನ ಎಂಟೂವರೆಗೆ ತಗಡಿನ ಶೆಡ್ಡಿನಲ್ಲಿ
ಎಮ್ರಿಸ್ ಪ್ರತಿಸಲದ ಮಾತನ್ನೇ ಹೇಳುತ್ತಾನೆ:
ಇದು ರೇಸ್ ಅಲ್ಲ. ಇಲ್ಲಿ ಯಾರೂ ಗೆಲ್ಲುವುದಿಲ್ಲ.
ಸುತ್ತಿಗೆಷ್ಟು ಸೆಕೆಂಡೆಂದು ಲೆಕ್ಕವಿಡುವವರು
ಊಟಕ್ಕೆ ಮೊದಲೇ ಮನೆಗೆ.
ನಲವತ್ತು ತಲೆಗಳು ಹೌದೆನ್ನುತ್ತವೆ,
ನಲವತ್ತು ಜೇಬುಗಳಲ್ಲಿ ಫೋನು
ಆಗಲೇ ಲೆಕ್ಕ ಶುರುಮಾಡಿರುತ್ತದೆ.

ಹೊರಗೆ ಇಯೋಲೊ, ವೈದ್ಯನ ಠೀವಿಯಲ್ಲಿ,
ಕಾರುಗಳ ಹಿಂಬದಿಗೆ ಕುಕ್ಕರಗಾಲಲ್ಲಿ ಕೂತು
ಹೊಗೆಕೊಳವೆಗೆ ಮೈಕು ಹಿಡಿದಿದ್ದಾನೆ.
ಕೆಮ್ಮು. ಇನ್ನೂ ಜೋರಾಗಿ ಕೆಮ್ಮು.
ನೂರಾ ಎರಡು ಡೆಸಿಬಲ್, ಹೋಗು.
ನೂರಾ ಏಳು. ಹಳದಿ ಲೋಟಸ್ಸಿನವ ಹಲ್ಲು ಕಿರಿದು
ನನ್ನ ಚೀಲ ನೋಡುತ್ತಾನೆ.
ಪಾತ್ರೆ ತಿಕ್ಕುವ ಉಕ್ಕಿನ ನಾರು ಕೊಟ್ಟೆ;
ಕೊಳವೆಯೊಳಗೆ ತುರುಕಿಕೊಂಡು
ಮತ್ತೆ ಸಾಲಿನ ಕೊನೆಗೆ ನಿಂತ.

ನಾನು ಆರನೇ ತಿರುವಿನವಳು.
ಕಿತ್ತಳೆ ಮೇಲಂಗಿ, ನಾಲ್ಕು ಬಾವುಟ, ಒಂದು ಫ್ಲಾಸ್ಕು.
ವಾರದ ಐದು ದಿನ ಶಾಲೆಯ ಅಡುಗೆಮನೆ,
ಆಲೂಗಡ್ಡೆ, ಬಟಾಣಿ, ಮುನ್ನೂರು ತಟ್ಟೆ;
ಶನಿವಾರ ಇಲ್ಲಿ, ವೇಲ್ಸಿನ ಅಂಚಿನಲ್ಲಿ,
ಕಡಲು ಮರಳು ತಂದು ಎಸೆವ ಈ ಡಾಂಬರಿನ ಪಕ್ಕ.
ಮುಖಗಳು ನನಗೆ ಗೊತ್ತಿಲ್ಲ, ಎಲ್ಲ ಹೆಲ್ಮೆಟ್ಟಿನೊಳಗೆ.
ಆದರೆ ಯಾರು ಎಲ್ಲಿ ಹೆದರುತ್ತಾರೆಂದು ಗೊತ್ತು.
ಬ್ರೇಕಿನ ಕೆಂಪು ದೀಪ ಸುಳ್ಳು ಹೇಳುವುದಿಲ್ಲ.
ಬೆಳ್ಳಿ ಬಣ್ಣದ ಪೋರ್ಷೆಯ ಹಲ್ಲಿನ ಡಾಕ್ಟರಮ್ಮ
ನೂರೈವತ್ತರ ಫಲಕಕ್ಕೇ ಹೆದರುತ್ತಾಳೆ.
ಗೆಥಿನ್ ಐವತ್ತರ ಫಲಕ ದಾಟಿದ ಮೇಲೆ,
ಅದೂ ಒಲ್ಲದ ಮನಸ್ಸಿನಿಂದ.
ವಾರವಿಡೀ ಹಾಲಿನ ಟ್ಯಾಂಕರ್ ಓಡಿಸುವವ;
ಬೆನ್ನ ಹಿಂದೆ ತುಳುಕುವ ಇಪ್ಪತ್ತು ಸಾವಿರ ಲೀಟರು
ಅವನನ್ನು ಬಸುರಿಯ ಹಾಗೆ ನಡೆಸುತ್ತದೆ.
ಇಲ್ಲಿ, ಹಿಂದಿನ ಸೀಟು ಕಿತ್ತೆಸೆದ ಹಳೇ ಕ್ಲಿಯೋದಲ್ಲಿ,
ಅವನ ಹಿಂದೆ ಏನೂ ಇಲ್ಲ.

ಇನ್ನೊಬ್ಬಳಿದ್ದಾಳೆ ಆರನೇ ತಿರುವಿನಲ್ಲಿ.
ಜಾರಿದ ಕಾರು ಹೂತುಕೊಳ್ಳಲೆಂದು ಸುರಿದ ಜಲ್ಲಿಯ ನಡುವೆ
ಕೆಂಪು ಕೊಕ್ಕಿನ ಕಡಲಹಕ್ಕಿ. ಮೂರು ಮೊಟ್ಟೆ,
ಜಲ್ಲಿಯದೇ ಬಣ್ಣ, ಜಲ್ಲಿಯದೇ ಚುಕ್ಕೆ.
ಮುಟ್ಟುವಂತಿಲ್ಲ, ಕಾನೂನು. ಸುತ್ತ ನಾಲ್ಕು ಕೋನ್ ಇಟ್ಟೆ.
ನೂರು ಮೈಲಿ ವೇಗದ ಕಾರಿಗೆ ರೆಪ್ಪೆ ಬಡಿಯದವಳು
ನಾನು ಸ್ಯಾಂಡ್‌ವಿಚ್ ಬಿಚ್ಚಿದರೆ
ಊರಿಗೆ ಕೇಳುವಂತೆ ಬೈಯುತ್ತಾಳೆ.

ಎರಡು ಮುಕ್ಕಾಲಿಗೆ ತುಂತುರು.
ಕ್ಲಿಯೋ ಬಂತು, ದೀಪ ಹತ್ತಲಿಲ್ಲ,
ಹತ್ತಲಿಲ್ಲ,
ಹತ್ತಿತು. ಹಿಂಬದಿ ಮುಂದೆ ಬಂತು.
ನನ್ನ ಕೈ ತಾನಾಗಿ ಹಳದಿ ಬೀಸುತ್ತಿತ್ತು.
ಜಲ್ಲಿ ಅಲೆಯಾಗಿ ಎದ್ದು, ಬಿದ್ದು,
ಒಂದು ಕೋನನ್ನು ಬಂಪರಿನಡಿ ನುಂಗಿ
ಕಾರು ನಿಂತಿತು.

ಕೆಂಪು ಬಾವುಟ. ಒಂದೊಂದಾಗಿ ಎಂಜಿನ್ನುಗಳು ಆರಿ
ಬೆಳಗಿನಿಂದ ಮೊದಲ ಸಲ ಕಡಲು ಕೇಳಿಸಿತು.
ಗೆಥಿನ್ ಇಳಿದ. ಕಾರಿನತ್ತ ನೋಡಲಿಲ್ಲ.
ಅವಳು ಎದ್ದು, ಎರಡು ಹೆಜ್ಜೆ ಆಚೆ ಹೋಗಿ,
ಏನೋ ಮರೆತವಳಂತೆ ಬಂದು ಮತ್ತೆ ಕೂತಳು.
ಅವನು ಹೆಲ್ಮೆಟ್ ತೆಗೆಯದೆ ಜಲ್ಲಿಯಲ್ಲಿ ಮಂಡಿಯೂರಿದ್ದ.
ರೇಡಿಯೋದಲ್ಲಿ ಎಮ್ರಿಸ್: ಯಾರಿಗಾದರೂ ಪೆಟ್ಟೇ?
ಇಲ್ಲ, ಅಂದೆ. ಮೂರೂ ಕ್ಷೇಮ.
ಯಾವ ಮೂರು?
ಟ್ರ್ಯಾಕ್ಟರು ಆಚೆ ಬದಿಯಿಂದ ಬರಲಿ, ನಿಧಾನ, ಅಂದೆ.

ನಲವತ್ತು ನಿಮಿಷ ಹೋಯಿತು. ದುಡ್ಡು ಕೊಟ್ಟವರು ಗೊಣಗಿದರು.
ಶೆಡ್ಡಿನಲ್ಲಿ ಎಮ್ರಿಸ್ ಏನು ಹೇಳಿದನೋ, ಕಾಣೆ.
ಹಸಿರು ಬೀಸಿದ ಮೇಲೆ ನೋಡಿದೆ:
ಡಾಕ್ಟರಮ್ಮನ ದೀಪ ಇನ್ನೂರಕ್ಕೇ ಹತ್ತಿತು.
ಅವಳ ಹಿಂದಿನವನದೂ. ಅವನ ಹಿಂದಿನವನದೂ.
ಹಳದಿ ಲೋಟಸ್ ಮಾತ್ರ ಹಾಗೇ ಹಾರಿಹೋಯಿತು,
ಬಾಲದಿಂದ ನನ್ನ ನಾರು ಉಗುಳುತ್ತ.

ಸೋಮವಾರ, ಕಿವಿಯಲ್ಲಿ ಇನ್ನೂ ಗುಂಯ್‌ಗುಡುವ ಹೊತ್ತು,
ಶಾಲೆಯ ತಿರುವಿನಲ್ಲಿ ಹಾಲಿನ ಟ್ಯಾಂಕರ್.
ಒಳಗಿದ್ದ ಮುಖ ಕಾಣಲಿಲ್ಲ.
ಬ್ರೇಕಿನ ದೀಪ ನೋಡಿ ಕೈ ಬೀಸಿದೆ.